ಮಗಳ ಮನೆಯಲ್ಲಿ ಎಷ್ಟು ದಿನ?

‘ಮಗಳ ಮನೆಯಲ್ಲಿ ಜಾಸ್ತಿ ದಿನ ಇರಬಾರದಮ್ಮ, ಜನ ಏನಂತಾರೆ?’ ಮಂಡಿನೋವಿನ ಚಿಕಿತ್ಸೆಗೆಂದು ಪೇಟೆಗೆ ಬಂದ ಎಷ್ಟೋ ತಾಯಂದಿರು ವಾರ ಕಳೆಯುವುದರೊಳಗೆ ಈ ಮಾತು ತೆಗೆಯುತ್ತಾರೆ. ಅಳಿಯ ಒಳ್ಳೆಯವನು, ಮಗಳಿಗೂ ಇಟ್ಟುಕೊಳ್ಳುವ ಆಸೆ. ಆದರೂ ಬ್ಯಾಗು ತುಂಬಿಕೊಂಡು ಹೊರಡುತ್ತಾರೆ. ಮುಪ್ಪಿಗೆ ಮಗನ ಮನೆಯೇ ಸರಿ ಎಂದು ಅವರ ಮನಸ್ಸು ಎಂದೋ ತೀರ್ಮಾನಿಸಿಬಿಟ್ಟಿದೆ.

ಮಗನ ಮನೆ ಎನ್ನುತ್ತೇವೆ. ಅಲ್ಲಿ ನಡುರಾತ್ರಿ ಎದ್ದು ಕೈಹಿಡಿದು ಬಚ್ಚಲಿಗೆ ಕರೆದೊಯ್ಯುವವಳು, ಗಂಜಿ ಕುಡಿಸುವವಳು, ಹಾಸಿಗೆ ಬಟ್ಟೆ ಒಗೆಯುವವಳು ಸಾಮಾನ್ಯವಾಗಿ ಸೊಸೆ. ಅವಳ ಹೆತ್ತಮ್ಮ ಇನ್ನೊಂದೂರಲ್ಲಿ ಇನ್ನೊಬ್ಬ ಸೊಸೆಯ ದಾರಿ ನೋಡುತ್ತಿರುತ್ತಾಳೆ.

ಹೀಗೇ ಇರಬೇಕೆಂದೇನೂ ಇಲ್ಲ. ಅಳಿಯಸಂತಾನ ಪದ್ಧತಿಯಿದ್ದ ತುಳುನಾಡಿನ ಬಂಟ, ಬಿಲ್ಲವ, ಮೊಗವೀರ ಕುಟುಂಬಗಳಲ್ಲಿ ವಂಶ, ಆಸ್ತಿ ಎರಡೂ ಹೆಣ್ಣಿನ ಕಡೆಯಿಂದ ಬರುತ್ತಿದ್ದವು. ಯಜಮಾನಿಕೆ ಹೆಚ್ಚಾಗಿ ಸೋದರಮಾವನದೇ, ನಿಜ. ಆದರೆ ಗಂಡ ತೀರಿಕೊಂಡ ಹೆಂಗಸು ಮರಳಿ ಬಂದು ನಿಲ್ಲುತ್ತಿದ್ದದ್ದು ಹಂಗಿನ ಮನೆಯಲ್ಲಲ್ಲ, ಹಕ್ಕಿನ ಮನೆಯಲ್ಲಿ. ವಯಸ್ಸಾದ ತಾಯಿ ಮಗಳೊಂದಿಗಿರುವುದು ಅಲ್ಲಿ ಸಹಜ. ಘಟ್ಟದ ಮೇಲೆ ನಾಚಿಕೆಯಾದದ್ದು ಘಟ್ಟದ ಕೆಳಗೆ ನಿತ್ಯದ ಬದುಕಾಗಿತ್ತು.

ಮದುವೆಯಾದ ಮಗಳಿಗೂ ಹೆತ್ತವರನ್ನು ಪೋಷಿಸುವ ಹೊಣೆಯಿದೆ ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. 2007ರ ಹಿರಿಯ ನಾಗರಿಕರ ಕಾಯ್ದೆಯೂ ಮಗ, ಮಗಳು ಎಂದು ಭೇದ ಮಾಡಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳ ಸಮಪಾಲನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ದೇಶಕ್ಕೆಲ್ಲ ತಂದಿತು. ಕರ್ನಾಟಕ ಅದಕ್ಕೂ ಮೊದಲೇ ಆ ದಾರಿ ಹಿಡಿದಿತ್ತು.

ಹೀಗಿದ್ದೂ ಊರೂರಲ್ಲಿ ಹೆಣ್ಣುಮಕ್ಕಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ‘ಅಮ್ಮನನ್ನು ನೋಡಿಕೊಳ್ಳುವವನು ಅಣ್ಣನಲ್ಲವೇ’ ಎಂಬುದೇ ಅದಕ್ಕೆ ಕಾರಣ. ನನಗೆ ಅತ್ಯಂತ ನೋವು ತರುವುದು ಇದು: ಸಹಿಯೊಂದಿಗೆ ಬಿಟ್ಟುಹೋಗುವುದು ಜಮೀನು ಮಾತ್ರವಲ್ಲ. ಮುಂದೊಂದು ದಿನ ಅಮ್ಮನಿಗೆ ಸರಿಯಾಗಿ ಔಷಧಿ ಸಿಗುತ್ತಿಲ್ಲವೆಂದು ಅನ್ನಿಸಿದರೂ ಅಣ್ಣನನ್ನು ಕೇಳುವ ಬಾಯಿ ಅವಳಿಗೆ ಉಳಿದಿರುವುದಿಲ್ಲ. ಅತ್ತ ಅತ್ತಿಗೆಗೂ ದುಡಿತ ಇಳಿಯುವುದಿಲ್ಲ. ಪಾಲು ತೆಗೆದುಕೊಂಡವನು ಗಂಡ, ಎತ್ತಿ ಕೂರಿಸುವ ಕೈ ಅವಳದು.

ಆ ಪತ್ರದ ಮಾತುಕತೆ ನಡೆಯುವ ಪಡಸಾಲೆಯಲ್ಲಿ ಅಮ್ಮನೂ ಇರುತ್ತಾಳೆ. ‘ನಿನಗೆ ಎಲ್ಲಿರಬೇಕು ಅನ್ನಿಸುತ್ತದೆ?’ ಎಂದು ಅವಳನ್ನು ಕೇಳಬೇಕಾದ್ದು ಆ ದಿನವೇ, ಅವಳು ತನ್ನ ಕಾಲ ಮೇಲೆ ತಾನು ಓಡಾಡಿಕೊಂಡಿರುವಾಗಲೇ. ಅವಳು ಮಗನ ಮನೆಯನ್ನೇ ಬಯಸಿದರೆ, ಗಂಜಿ ಕುಡಿಸುವುದನ್ನು ಆ ಮಗನೂ ಕಲಿಯಲಿ.