ಕಾವಲುಗಾರನ ಅಪರಾಧ

ಕಾವಲುಗಾರನು ಕಳ್ಳನಿಗೆ ನೆರವಾದರೆ ಅವನನ್ನು ದ್ರೋಹಿಯೆನ್ನಲು ನಾವು ಹಿಂಜರಿಯುವುದಿಲ್ಲ. ಆದರೆ ಅವನು ತನ್ನ ನಿತ್ಯದ ಕೆಲಸವನ್ನೇ ಶ್ರದ್ಧೆಯಿಂದ ಮಾಡುತ್ತಿದ್ದು, ಅದರ ಫಲವು ಮಾತ್ರ ಕಳ್ಳನಿಗೆ ದೊರೆಯುತ್ತಿದ್ದರೆ? ಅರ್ಬುದರೋಗದ ವಿಷಯವನ್ನು ಓದುತ್ತಿದ್ದಾಗ ನನಗೆ ಈ ಸಂದೇಹವು ಹುಟ್ಟಿತು.

೧೮೮೨ರಲ್ಲಿ ಸಿಸಿಲಿ ದ್ವೀಪದ ಮೆಸ್ಸಿನಾ ಪಟ್ಟಣದಲ್ಲಿ ಇಲ್ಯಾ ಮೆಚ್ನಿಕಾಫ್ ಎಂಬ ಪಂಡಿತನು ನಕ್ಷತ್ರಮೀನಿನ ಪಾರದರ್ಶಕವಾದ ಮರಿಯ ಮೈಯಲ್ಲಿ ಗುಲಾಬಿಯ ಮುಳ್ಳನ್ನು ಚುಚ್ಚಿಟ್ಟು ಮರುದಿನ ನೋಡಿದನು. ಅಲೆದಾಡುವ ಜೀವಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ನಮ್ಮ ದೇಹದಲ್ಲಿಯೂ ಇಂತಹ ಭಕ್ಷಕಕಣಗಳುಂಟು. ಅವುಗಳಲ್ಲಿ ದೊಡ್ಡವುಗಳಿಗೆ ಅವನು ಮ್ಯಾಕ್ರೋಫೇಜ್ ಎಂದು ಹೆಸರಿಟ್ಟನು. ೧೯೦೮ರ ನೊಬೆಲ್ ಬಹುಮಾನದಲ್ಲಿ ಅವನಿಗೂ ಪಾಲು ದೊರೆಯಿತು.

ಕ್ರಿಮಿಗಳನ್ನು ನುಂಗುವುದು ಇವುಗಳ ಕರ್ತವ್ಯದ ಒಂದು ಭಾಗ ಮಾತ್ರ. ಗಾಯವಾದೆಡೆ ಸತ್ತ ಕಣಗಳನ್ನು ತೆಗೆದುಹಾಕಿ, ಹೊಸ ರಕ್ತನಾಳಗಳು ಬೆಳೆಯುವಂತೆ ಮಾಡಿ, ಕಾದಾಡುತ್ತಿರುವ ಟಿ-ಕಣಗಳನ್ನು ಶಾಂತಗೊಳಿಸುವುದೂ ಇವುಗಳದೇ ಹೊಣೆ. ಈ ಶಮನವಿಲ್ಲದಿದ್ದರೆ ರಕ್ಷಣೆಯೇ ದೇಹವನ್ನು ಸುಟ್ಟೀತು. ಅರ್ಬುದವು ಈ ಸದ್ಗುಣವನ್ನೇ ಬಳಸಿಕೊಳ್ಳುತ್ತದೆ. ಹ್ಯಾರಲ್ಡ್ ಡ್ವೊರಾಕ್ ಎಂಬ ವೈದ್ಯರು ೧೯೮೬ರಲ್ಲಿ ಅರ್ಬುದದ ಗೆಡ್ಡೆಗಳನ್ನು ಮಾಯದ ಗಾಯಗಳೆಂದು ಕರೆದರು. ಗೆಡ್ಡೆಯು ರಾಸಾಯನಿಕ ಸಂದೇಶಗಳಿಂದ ರಕ್ತದಲ್ಲಿನ ಕಣಗಳನ್ನು ಬರಮಾಡಿಕೊಳ್ಳುತ್ತದೆ. ಅವು ಅಲ್ಲಿ ಮ್ಯಾಕ್ರೋಫೇಜುಗಳಾಗಿ, ಗಾಯವನ್ನು ಮಾಯಿಸುವಂತೆಯೇ ವರ್ತಿಸುತ್ತವೆ: ಇಂಟರ್‌ಲ್ಯೂಕಿನ್-೧೦ ಮೊದಲಾದ ಶಾಮಕದ್ರವ್ಯಗಳನ್ನು ಸೂಸುತ್ತವೆ, ಟಿ-ಕಣಗಳನ್ನು ತಡೆಯುವ ಗುರುತುಗಳನ್ನು ಮೈಮೇಲೆ ತಳೆಯುತ್ತವೆ. ಕೊಲ್ಲಬಂದ ಟಿ-ಕಣವು ಕೈಕಟ್ಟಿ ನಿಲ್ಲುತ್ತದೆ.

ಇದನ್ನು ದ್ರೋಹವೆನ್ನಲು ನನಗೆ ಮನಸ್ಸಿಲ್ಲ. ಕಣಕ್ಕೆ ಸಂಕಲ್ಪವಿಲ್ಲ, ಸಂಕಲ್ಪವಿಲ್ಲದಲ್ಲಿ ಪಾಪವೆಲ್ಲಿಯದು? ಆದರೆ ನಮ್ಮ ಮನೆಗಳಲ್ಲಿ ಅನ್ಯಾಯವು ನಡೆದಾಗಲೂ “ಗಲಾಟೆ ಬೇಡ” ಎಂದು ನೊಂದವರ ಬಾಯಿ ಮುಚ್ಚಿಸುವ ಹಿರಿಯರುಂಟಷ್ಟೆ. (ನಾನೂ ಒಮ್ಮೆ ಹಾಗೆ ಮಾಡಿದವನೇ.) ಅವರೂ ಶಾಂತಿಯನ್ನೇ ಬಯಸಿದವರು. ಕಣಕ್ಕೆ ಕೊಡುವ ಕ್ಷಮೆಯನ್ನು ಅವರಿಗೆ ಕೊಡಲಾರೆನು. ಇದು ಮಾಯತಕ್ಕ ಗಾಯವೇ ಅಲ್ಲವೇ ಎಂದು ವಿಚಾರಿಸುವ ಶಕ್ತಿ ಅವರಿಗಿತ್ತು.

ಇಂತಹ ಕಾವಲುಗಾರನನ್ನು ಕೊಲ್ಲಬೇಕೋ ತಿದ್ದಬೇಕೋ ಎಂಬ ಪ್ರಶ್ನೆಯು ಪ್ರಯೋಗಶಾಲೆಗಳಲ್ಲಿಯೂ ಎದ್ದಿದೆ. ೨೦೧೩ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮಿದುಳಿನ ಅರ್ಬುದವಿದ್ದ ಇಲಿಗಳಿಗೆ ಒಂದು ಔಷಧವನ್ನು ಕೊಡಲಾಗಿ, ಮ್ಯಾಕ್ರೋಫೇಜುಗಳು ಸಾಯದೆ ನಡತೆಯನ್ನು ಬದಲಿಸಿದವು, ಗೆಡ್ಡೆಗಳು ಕುಗ್ಗಿದವು. ತಿದ್ದುವ ಪಕ್ಷದವನಾದ ನನಗೆ ಇದು ಸಂತೋಷದ ಸುದ್ದಿಯೇ. ಆದರೆ ಚಿಕಿತ್ಸೆಯನ್ನು ಮುಂದುವರಿಸಿದಾಗ ಅನೇಕ ಇಲಿಗಳಲ್ಲಿ ರೋಗವು ಮರಳಿತೆಂದೂ, ಅದಕ್ಕೆ ಪೋಷಕದ್ರವ್ಯವನ್ನು ಒದಗಿಸಿದವು ಆ ಮ್ಯಾಕ್ರೋಫೇಜುಗಳೇ ಎಂದೂ ೨೦೧೬ರಲ್ಲಿ ತಿಳಿದುಬಂದಿತು.