ನೆರಳಿನ ದಾಸೋಹ

ಸುಳ್ಯದಿಂದ ಸಂಪಾಜೆಗೆ ಹೋಗುವ ಹಾದಿಯಲ್ಲಿ ಅರಂತೋಡೆಂಬ ಊರಿದೆ. ಅಲ್ಲಿಯ ಘಟ್ಟದ ತಪ್ಪಲ ಕಾಡು, ನೋಡಬಲ್ಲವರಿಗೆ ಒಂದು ಧರ್ಮಪಾಠ.

ಹಿರಿಯ ಮರವುರುಳಿ ನೆಲಕ್ಕೆ ಬಿಸಿಲು ತಾಗಿದಲ್ಲಿ ಮೊದಲು ಮೇಲೇಳುವ ಮರಗಳಲ್ಲಿ ಉಪ್ಪಳಿಗೆ ಒಂದು. ಹಕ್ಕಿಗಳು ತಂದ ಬೀಜದಿಂದ ಮೊಳೆತು, ಕೆಲವೇ ವರ್ಷಗಳಲ್ಲಿ ಅಗಲವಾದ ಎಲೆಗಳನ್ನು ಹರಡಿ, ಕಾದ ನೆಲವನ್ನು ತಂಪುಗೊಳಿಸುತ್ತದೆ. ಆದರೆ ಆ ನೆರಳಿನಲ್ಲಿ ಅದರ ಸ್ವಂತ ಸಸಿ ಬಾಳದು. ಬಾಳುವುದು, ದೇವರ ಮುಂದೆ ಉರಿಸುವ ಅಂಟನ್ನೀಯುವ ಧೂಪದ ಸಸಿ. ಧೂಪವು ಹೆಮ್ಮರವಾಗುವ ವೇಳೆಗೆ ಉಪ್ಪಳಿಗೆ ಅಲ್ಲಿರುವುದಿಲ್ಲ. ಪರರಿಗಾಗಿ ನೆಲೆಯನ್ನು ಅಣಿಮಾಡುವ ಈ ಕಾಯಕವನ್ನು ದಾಸೋಹವೆನ್ನದೆ ಮತ್ತೇನೆನ್ನೋಣ?

ಆದರೆ ಇದಕ್ಕೂ ಮಿತಿಯುಂಟು. ಧೂಪದ ಬೀಜ ಭಾರವಾದುದು. ಬಹುಪಾಲು ತಾಯಿಮರದ ಬಳಿಯೇ ಬೀಳುತ್ತದೆ, ಒಣಗಿದರೆ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ತಾಯಿಮರಗಳನ್ನೇ ಕಡಿದಲ್ಲಿ, ಉಪ್ಪಳಿಗೆ ಎಷ್ಟು ನೆರಳಿತ್ತರೂ ಧೂಪ ಬಾರದು. ಎಡೆ ಬಡಿಸಿದ್ದರೂ ಉಣ್ಣುವವರಿಲ್ಲದಂತಾಗುತ್ತದೆ. ರಬ್ಬರು, ಅಡಕೆ ತೋಟಗಳು ಹಬ್ಬಿರುವ ಆ ಸೀಮೆಯಲ್ಲಿ ಇದು ಬರಿಯ ಉಪಮಾನವಲ್ಲ.

ಸದ್ಗೃಹಸ್ಥರು ತಿಳಿಯತಕ್ಕದ್ದಿಷ್ಟೆ: ಕೆಟ್ಟುದು ತಾನಾಗಿ ಸರಿಹೋದೀತೆಂಬ ಭರವಸೆ ಬೀಜವುಳಿದಿರುವ ತನಕ ಮಾತ್ರ. ಕಾಡಿಗೂ ಹಾಗೆಯೇ, ಮನೆತನದ ಆಚಾರಕ್ಕೂ ಹಾಗೆಯೇ. ತೋಟದಂಚಿನಲ್ಲಿ ಹಳೆಯ ಮರವೊಂದಿದ್ದರೆ ಅದನ್ನುಳಿಸುವುದೂ ಶಿವಪೂಜೆಯೆಂದೇ ಭಾವಿಸತಕ್ಕದ್ದು.