ಹಾವಿನ ಆಹಾರವೂ ಅಹಿಂಸಾಣುವ್ರತವೂ
ಅಮೆರಿಕದಲ್ಲಿ ನೆಲೆಸಿದ ಶ್ರಾವಕನೊಬ್ಬನ ಮಗ ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವನ್ನು ಮನೆಗೆ ತಂದನೆನ್ನೋಣ. ಅಲ್ಲಿ ಹಾವು ಸಾಕುವವರು ಅಂಗಡಿಯ ಹಿಮಗಟ್ಟಿದ ಇಲಿಯನ್ನು ಕರಗಿಸಿ, ಬೆಚ್ಚಗೆ ಮಾಡಿ, ಚಿಮುಟದಿಂದ ನೀಡುತ್ತಾರೆ. ಜೀವಂತ ಇಲಿಯ ಭಯವೂ, ಅದು ಕಚ್ಚಿ ಹಾವಿಗಾಗುವ ಗಾಯವೂ ಇದರಿಂದ ತಪ್ಪುತ್ತವೆ, ನಿಜ. ಆದರೆ ಕೊಳ್ಳುವವರಿಗಾಗಿಯೇ ಆ ಇಲಿಗಳನ್ನು ಬೆಳೆಸಿ, ಸಾಮಾನ್ಯವಾಗಿ ಇಂಗಾಲಾಮ್ಲ ಅನಿಲದಿಂದ ಕೊಲ್ಲುತ್ತಾರೆ. ತತ್ತ್ವಾರ್ಥಸೂತ್ರವು ಕೃತದೊಡನೆ ಕಾರಿತ, ಅನುಮತಗಳನ್ನೂ ಎಣಿಸಿದೆ. ಹಾಗೆಂದು ಹಾವನ್ನು ಉಪವಾಸ ಕೆಡವಬಹುದೇ? ಅದಕ್ಕೆ ಸಸ್ಯಾಹಾರ ಸಲ್ಲದು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ, ಮೊದಲನೆಯದು ಬಂಧ. ಕಾಡಿನ ಹಾವಿನ ಬೇಟೆಗೆ ಶ್ರಾವಕನು ಹೊಣೆಯಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಅದನ್ನು ಬಂಧಿಸಿದ ಗಳಿಗೆಯಿಂದ ಅದರ ಹಸಿವು ಅವನದಾಗುತ್ತದೆ. ಮಗನು ಅಂಗಡಿಯಲ್ಲೇ ಯೋಚಿಸಬೇಕಿತ್ತು. ಈಗ ಉಣಿಸದೆ ವಿಧಿಯಿಲ್ಲ. ಇಂತಹ ಹಾವು 20 ವರ್ಷಕ್ಕೂ ಮಿಕ್ಕಿ ಬದುಕಬಲ್ಲದು.